ಅರ್ಧ ನಿಮಿಷ ತಡೆಯದ ಕುದುರೆಗಳು

ಅಸಹ್ಯ! ಆ ಮನುಷ್ಯನ ಆಟ ನೋಡಿದರೆ ನನ್ನ ಬಾಯಲ್ಲಿ ಬರುತ್ತಿದ್ದದ್ದು ಅದೊಂದೇ ಮಾತು.

2008ರ ಸಂಗತಿ ಇದು. ನಾನು ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೆ. ಶನಿವಾರ ಮಧ್ಯಾಹ್ನ ಊಟ ಮುಗಿಸಿದರೆ ಹೆಡ್‌ಸೆಟ್ ಹಾಕಿಕೊಂಡು ಆನ್‌ಲೈನ್ ಯುದ್ಧದ ಆಟಕ್ಕೆ ಕೂರುತ್ತಿದ್ದೆ. ಐದು ಜನ ಕನ್ನಡದವರ ತಂಡ, ನಾನೇ ಕ್ಯಾಪ್ಟನ್. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಪಡೆ. ನನ್ನದು ಬಿಲ್ಲಿನವರು. ಮೆಲ್ಬರ್ನ್‌ನಲ್ಲಿದ್ದ ಗೌರೀಶ ಎಂಬ ಧಾರವಾಡದ ಮಹಾಶಯರದು ಕುದುರೆಗಳು.

ಕುದುರೆ ಎಂದರೆ ಇಡೀ ಸೈನ್ಯದಲ್ಲಿ ಎಲ್ಲಕ್ಕಿಂತ ವೇಗದ್ದು, ಅಷ್ಟೇ ಬೇಗ ಸಾಯುವಂಥದ್ದು. ಎದುರಾಳಿಯ ಈಟಿಯವರ ಮುಂದೆ ನೇರ ಬಿಟ್ಟರೆ ಕಥೆ ಮುಗಿಯಿತು. ಕಾಡಿನಲ್ಲಿ ಬಚ್ಚಿಟ್ಟು, ಆ ಈಟಿಗಳೆಲ್ಲ ಬೇರೆ ಯಾರ ಮೇಲೋ ತಿರುಗುವ ತನಕ ಕಾದು, ಆಮೇಲೆ ಬೆನ್ನ ಹಿಂದಿನಿಂದ ನುಗ್ಗಿಸಬೇಕು. ಇಷ್ಟೇ ವಿದ್ಯೆ. ಎಮ್ಮೆಗೆ ಹೇಳಿದ್ದರೂ ಅರ್ಥವಾಗುತ್ತಿತ್ತು.

ಇವರಿಗೆ ಆಗುತ್ತಿರಲಿಲ್ಲ. ಎಂಟು ತಿಂಗಳು ಬಾಯಿ ನೋಯುವಷ್ಟು ಹೇಳಿದ್ದೆ.

"ಗೌರೀಶ್, ಯಾಕ್ರೀ ಬಿಟ್ರಿ ಕುದುರೇನ? ಕಾಯಿರಿ ಅಂದಿದ್ನಲ್ಲ!"

"ಸಾರಿ ರೀ ಕೃಪಾ."

"ನಿಮ್ಮ ಸಾರಿ ಇಟ್ಕೊಂಡು ಉಪ್ಪಿನಕಾಯಿ ಹಾಕ್ಲಾ?"

"ಈಗ ಮಾವಿನಕಾಯಿ ಸೀಸನ್ ಇಲ್ಲಲ್ರೀ," ಎಂದು ಆ ಕಡೆಯಿಂದ ಮೆಲ್ಲನೆ ಒಂದು ನಗು.

ಸೋತು ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅದಕ್ಕಿಂತ ಅಸಹ್ಯದ ವಿಷಯ ಏನೆಂದರೆ, ಆ ಹಾಳು ನಗು ಸೋಮವಾರ ಆಫೀಸಿಗೆ ಹೋಗುವ ಟ್ರೇನಿನಲ್ಲೂ ನೆನಪಾಗುತ್ತಿತ್ತು. ಛೀ, ನನಗೇನು ಬಂದಿದೆ ರೋಗ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ಅಂತೂ ಇಂತೂ ಲೀಗ್‌ನ ಫೈನಲ್ ತಲುಪಿದೆವು. ನಮ್ಮ ತಂಡದ ಈಟಿ ಪಡೆಯ ಇಂದ್ರೇಶ್ ಫೋನ್ ಮಾಡಿ ಕಡ್ಡಿ ಮುರಿದಂತೆ ಹೇಳಿದ: "ಕೃಪಾ, ಗೌರೀಶನ್ನ ತೆಗೀಲೇಬೇಕು. ಅವನ ಬದಲು ಕುದುರೆ ಆಡಿಸೋಕೆ ಭಾಸ್ಕರ ರೆಡಿ ಇದಾನೆ. ಬುಧವಾರದೊಳಗೆ ಲಿಸ್ಟ್ ಕಳ್ಸು."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ವಾರವೇ ಆಫೀಸಿನ ಕೆಲಸಕ್ಕೆ ಮೆಲ್ಬರ್ನ್‌ಗೆ ಹೋಗುವುದಿತ್ತು. ಎದುರಿಗೇ ಹೇಳಿಬಿಡೋಣ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆ ನಗು ಯಾವ ಮುಖದ್ದು ಎಂದು ಒಮ್ಮೆ ನೋಡಬೇಕಿತ್ತು. ತಂಡದಿಂದ ತೆಗೆದ ಮೇಲೆ ಆ ದನಿ ಮತ್ತೆ ನನ್ನ ಕಿವಿಗೆ ಬೀಳುವುದಿಲ್ಲ ಎಂಬುದನ್ನು ಬೇಕೆಂದೇ ನೆನೆಯದೆ ಬ್ಯಾಗ್ ತುಂಬಿಕೊಂಡೆ.

ಮೆಲ್ಬರ್ನ್‌ನ ಸದರ್ನ್ ಕ್ರಾಸ್ ಸ್ಟೇಷನ್ ಪಕ್ಕದ ಕೆಫೆ. ಟೇಬಲ್ ಮೇಲೆ ಯಾರೋ ಚೆಲ್ಲಿದ ಸಾಸ್ ಅಂಟಂಟಾಗಿತ್ತು. ಊರಂಚಿನ ಟಾರ್ನೀಟ್ ಬಡಾವಣೆಯ ಮನೆಯಿಂದ ಕಾರು ಓಡಿಸಿಕೊಂಡು ಬಂದ ಗೌರೀಶ ಅರ್ಧ ಗಂಟೆ ಮೊದಲೇ ಬಂದು ಕುಳಿತಿದ್ದರು. ಇಲ್ಲೂ ಅವಸರ! ಕಡುನೀಲಿ ಸ್ವೆಟರ್, ಎಣ್ಣೆ ಹಾಕಿ ಬಾಚಿದ ತಲೆ, ದೊಡ್ಡ ಕಣ್ಣು. ನನ್ನನ್ನು ನೋಡಿದವರೇ ಕಾಫಿಯಲ್ಲಿ ಅದ್ದಿದ್ದ ಬಿಸ್ಕತ್ತನ್ನು ಮರೆತರು. ಅದು ಮುರಿದು ಒಳಗೆ ಬಿತ್ತು. ಚಮಚ ಹಾಕಿ ಹುಡುಕಿ ತೆಗೆದು ತಿಂದರು.

"ಥೂ," ಅಂದೆ.

"ವೇಸ್ಟ್ ಮಾಡಬಾರದ್ರೀ," ಎಂದು ನಕ್ಕರು. ಆ ನಗುವಿಗೆ ಎಡಗೆನ್ನೆಯಲ್ಲಿ ಒಂದು ಗುಳಿಯೂ ಇತ್ತು. ನನಗೆ ಇನ್ನೂ ಸಿಟ್ಟು ಬಂತು.

ತಪ್ಪುಗಳನ್ನೆಲ್ಲ ತೋರಿಸಿಯೇ ಹೇಳೋಣವೆಂದು ಹಳೆಯ ಮ್ಯಾಚ್‌ಗಳ ರೆಕಾರ್ಡಿಂಗ್ ತಂದಿದ್ದೆ. ಲ್ಯಾಪ್‌ಟಾಪ್ ತೆರೆದೆ. ಯಾವ ಪಡೆಯ ಕಡೆಯಿಂದ ಬೇಕಾದರೂ ನೋಡಬಹುದು. ಇಷ್ಟು ದಿನ ನಾನು ನೋಡಿದ್ದು ನನ್ನ ಬಿಲ್ಲಿನವರ ಕಡೆಯಿಂದ ಮಾತ್ರ.

"ನಿಮ್ಮ ಕಡೆಯಿಂದ ನೋಡೋಣ. ಎಲ್ಲಿ ಕೆಟ್ಟಿತು ಅಂತ ನೀವೇ ಹೇಳಿ."

"ಬ್ಯಾಡ ಬಿಡ್ರೀ," ಎಂದು ಅವರು ಕಾಫಿ ಕಲಕತೊಡಗಿದರು.

ಕುದುರೆಗಳು ಕಾಡಿನಲ್ಲಿ ಅಚ್ಚುಕಟ್ಟಾಗಿ ಅಡಗಿದ್ದವು. ಒಂದು ನಿಮಿಷ, ಎರಡು ನಿಮಿಷ, ನಾಲ್ಕು. ನಾನು ಹೇಳಿಕೊಟ್ಟ ಹಾಗೆಯೇ. ಅಷ್ಟರಲ್ಲಿ ನನ್ನ ಬಿಲ್ಲಿನವರು ದುರಾಸೆಯಿಂದ ಮುಂದೆ ಮುಂದೆ ಹೋದರು. ಎದುರಾಳಿಯ ಈಟಿಯವರು ಅವರತ್ತ ಹೊರಟರು. ಆ ಕ್ಷಣವೇ ಕುದುರೆಗಳು ಕಾಡು ಬಿಟ್ಟು ಹಾರಿಬಂದು ಇಬ್ಬರ ನಡುವೆ ಬಿದ್ದವು. ಒಂದೂ ಉಳಿಯಲಿಲ್ಲ. ನನ್ನವರು ಓಡಿ ಪಾರಾದರು.

ಎರಡನೆಯ ಮ್ಯಾಚ್ ಹಾಕಿದೆ. ಅದೇ. ಮೂರನೆಯದು. ಅದೇ.

"ಇನ್ನರ್ಧ ನಿಮಿಷ ತಡೆದಿದ್ರೆ ಈಟಿಯವರೆಲ್ಲ ನನ್ನ ಮೇಲೆ ಬಿದ್ದಿರೋರು," ಅಂದೆ. "ಹಿಂದಿನಿಂದ ಹೊಡೆದು ಗೆಲ್ಲಬಹುದಿತ್ತು."

"ಹೌದ್ರೀ. ಆದ್ರ ಅಷ್ಟೊತ್ತಿಗೆ ನಿಮ್ಮವ್ರು ಒಬ್ಬರೂ ಉಳೀತಿರಲಿಲ್ಲ."

"ಉಳೀದಿದ್ರೆ ಏನೀಗ? ಅದು ಆಟ ಕಣ್ರೀ!"

"ಗೊತ್ತೈತ್ರೀ." ಅವರ ಕಿವಿ ತುದಿ ಕೆಂಪಾಗಿತ್ತು. "ಹೆಡ್‌ಸೆಟ್‌ನ್ಯಾಗ ನೀವು 'ಅಯ್ಯೋ' ಅಂತೀರಲ್ಲ, ಅದನ್ನ ಕೇಳಿ ಸುಮ್ಮ ಕುಂದ್ರಾಕ ನನ್ನ ಕೈಲೆ ಆಗಂಗಿಲ್ಲ."

ಎಂಟು ತಿಂಗಳು! ನನ್ನ ಒಂದು ಅಯ್ಯೋಗಾಗಿ ಅಷ್ಟೂ ಕುದುರೆಗಳನ್ನು ಮಣ್ಣುಪಾಲು ಮಾಡಿ, ವಾರವಾರ ಬೈಸಿಕೊಂಡು ತೆಪ್ಪಗಿದ್ದ ಈ ಮನುಷ್ಯನಿಗೆ ಏನು ಹೇಳುವುದು? ಎಂಥಾ ಹೇಸಿಗೆ ಆಟಗಾರ! ಬೈಯಲು ಬಾಯಿ ತೆರೆದರೆ ಕಣ್ಣಲ್ಲಿ ನೀರು ಬಂತು.

"ನನ್ನ ತೆಗದ್ಬಿಡ್ರೀ," ಎಂದರು ಅವರು. "ಶನಿವಾರನೂ ನಾ ಹಿಂಗ ಮಾಡ್ತೀನಿ. ತಂಡ ಸೋಲ್ತೈತಿ."

ಅದು ಸತ್ಯ. ಅವರ ಎದುರೇ ಫೈನಲ್ ಲಿಸ್ಟಿನಿಂದ ಅವರ ಹೆಸರು ಅಳಿಸಿ, ಭಾಸ್ಕರನ ಹೆಸರು ಹಾಕಿ, ಮೇಲ್ ಕಳಿಸಿದೆ. ಅವರು ತಲೆಯಾಡಿಸಿ ಎದ್ದು ನಿಂತರು. "ಆತ್ರೀ. ಬರ್ತೀನಿ."

ಈಗ ಬಿಟ್ಟರೆ ಈ ಮನುಷ್ಯ ಟಾರ್ನೀಟ್ ಸೇರಿ ಮತ್ತೆ ಬಾಯಿ ಬಿಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಇನ್ನು ಕಾಯುವುದರಲ್ಲಿ ಅರ್ಥವಿರಲಿಲ್ಲ.

"ಗೌರೀಶ್, ಕೂತ್ಕೊಳ್ಳಿ. ನಿಮ್ಮ ಆಟ ಕಂಡ್ರೆ ನನಗೆ ವಾಕರಿಕೆ ಬರುತ್ತೆ. ನೀವಂದ್ರೆ ಇಷ್ಟ."

ಧಪ್ಪನೆ ಕುಳಿತರು. ತೋಳು ಆ ಸಾಸ್ ಮೇಲೇ ಬಿತ್ತು. ಒರೆಸಿಕೊಳ್ಳಲೂ ಇಲ್ಲ.

"ಶನಿವಾರ ಸಿಡ್ನಿಗೆ ಬನ್ನಿ. ನನ್ನ ಪಕ್ಕ ಕೂತು ಫೈನಲ್ ನೋಡಿ."

"ನಿಮ್ಮವ್ರನ್ನ ಹೊಡೀವಾಗ ನಾ ಸುಮ್ಮ ಕುಂದ್ರಬೇಕೇನ್ರೀ?"

"ಕುಂದ್ರಬೇಕು."

"ಆಗಂಗಿಲ್ಲರೀ."

"ಹಾಗಾದ್ರೆ ನನ್ನ ಎಡಗೈ ಹಿಡ್ಕೊಳ್ಳಿ. ಮೌಸ್ ಬಲಗೈಲಿರುತ್ತೆ."

ಶನಿವಾರ ಬಂದರು. ನಾಲ್ಕನೆಯ ನಿಮಿಷಕ್ಕೆ ಎದುರಾಳಿಯ ಈಟಿಯವರು ನನ್ನವರ ಮೇಲೆ ತಿರುಗಿದರು. ನಾನು "ಅಯ್ಯೋ" ಅಂದೆ. ಗೌರೀಶ ಗಬಕ್ಕನೆ ನನ್ನ ಎಡಗೈ ಹಿಡಿದರು. ಭಾಸ್ಕರ ಕುದುರೆಗಳನ್ನು ಕಾಡಿನಲ್ಲೇ ಇಟ್ಟುಕೊಂಡು ನನ್ನ ಸನ್ನೆಗಾಗಿ ಕಾದಿದ್ದ. ಸನ್ನೆ ಕೊಡುವ ಬಟನ್ ಇದ್ದದ್ದು ಕೀಬೋರ್ಡಿನಲ್ಲಿ, ಎಡಗೈ ಕಡೆಗೆ.

ಇಂದ್ರೇಶ್ ಹೆಡ್‌ಸೆಟ್‌ನಲ್ಲಿ ಬಡಕೊಳ್ಳುತ್ತಿದ್ದ: "ಕೃಪಾ! ಬಿಡಿಸು ಕುದುರೇನ! ಸತ್ಹೋದ್ಯೇನೇ?"

ಸೋತೆವು. ಅದೂ ಹೀನಾಯವಾಗಿ. ಕೈ ಮಾತ್ರ ನಾನು ಬಿಡಿಸಿಕೊಳ್ಳಲಿಲ್ಲ.