ಕತ್ತರಿ ಮೇಡಂ ಎದ್ದು ನಿಂತದ್ದು

ಅವನು 'ಹೂಂ' ಅಂದಿದ್ದ. ಅವಳು ಅದನ್ನು ಒಪ್ಪಿಗೆ ಎಂದು ತಿಳಿದಿದ್ದಳು. ಜಗಳ ಶುರುವಾದದ್ದು ಅಷ್ಟಕ್ಕೇ.

ಲಿಫ್ಟ್ ತಯಾರಿಸುವ ಆ ಕಂಪನಿಯಲ್ಲಿ ಯಾವ ಪ್ರಾಜೆಕ್ಟ್ ನಡೆಯಬೇಕು, ಯಾವುದು ನಿಲ್ಲಬೇಕು ಎಂದು ತೂಗಿ ಹೇಳುವ ಕೆಲಸ ಅವಳದು. ಬಾಗಿಲ ಮೇಲಿನ ಹೆಸರು ಪೋರ್ಟ್‌ಫೋಲಿಯೊ ಮ್ಯಾನೇಜರ್. ಬೆನ್ನ ಹಿಂದಿನದು ಕತ್ತರಿ ಮೇಡಂ. ನಿನ್ನ ಕೆಲಸ ಅಂದರೇನೆಂದು ಅಕ್ಕ ಕೇಳಿದಾಗ, ಒಂದೇ ಮನೆಯಲ್ಲಿ ಒಂದೇ ದಿನ ಹತ್ತು ಮದುವೆ ಇಟ್ಟುಕೊಂಡು ಅಡುಗೆಗೆ ಇಬ್ಬರನ್ನೇ ಕರೆಸುವುದು ಎಂದು ವಿವರಿಸಿದ್ದಳು. ಮೊದಲು ನಿನ್ನದೊಂದು ಆಗಲಿ ಎಂದು ಅಕ್ಕ ಮಾತು ಮುಗಿಸಿದ್ದಳು. ಅಕ್ಕಂದಿರಿಗೆ ಎಲ್ಲ ದಾರಿಗಳೂ ಆ ಊರಿಗೇ ಹೋಗುತ್ತವೆ.

ಅವನು ಸರ್ವಿಸ್ ವಿಭಾಗದ ಮುಖ್ಯಸ್ಥ. ಹೊಸ ಲಿಫ್ಟಿನ ಕೆಲಸಕ್ಕೆ ತನ್ನ ಮೆಕ್ಯಾನಿಕ್‌ಗಳನ್ನು ಕಳಿಸಬೇಕಿತ್ತು. ಮೀಟಿಂಗಿನಲ್ಲಿ ಕೇಳಿದಾಗಲೆಲ್ಲ ಹೂಂಗುಟ್ಟಿದ. ಮೆಕ್ಯಾನಿಕ್‌ಗಳು ಮಾತ್ರ ಬರಲಿಲ್ಲ. ಅವಳು ಸೀದಾ ವರ್ಕ್‌ಶಾಪಿಗೆ ಇಳಿದು ಹೋದಳು.

"ನೀವೇ ಹೂಂ ಅಂದ್ರಲ್ಲ?"

"ಹೂಂ ಅಂದ್ರೆ ಕೇಳಿಸ್ಕೊಂಡೆ ಅಂತ. ಕಥೆ ಕೇಳೋವಾಗ ಅನ್ನಲ್ವಾ?"

"ನಾನು ಹೇಳಿದ್ದು ನಿಮಗೆ ಕಥೆನಾ?"

"ಚೆನ್ನಾಗೇ ಹೇಳ್ತೀರಿ," ಅಂದ ಅವನು, ಕೈಗೆ ಮೆತ್ತಿದ ಗ್ರೀಸ್ ಒರೆಸಿಕೊಳ್ಳುತ್ತ.

ವ್ಯಂಗ್ಯವೋ ಎಂದು ಅವಳು ಮುಖ ನೋಡಿದಳು. ಎಡ ಹುಬ್ಬಿನ ಮೇಲೂ ಒಂದಿಷ್ಟು ಗ್ರೀಸ್ ಇತ್ತು. ಹೇಳುವುದೋ ಬಿಡುವುದೋ ಎಂದು ಯೋಚಿಸುವಷ್ಟರಲ್ಲಿ ಕೋಪದ ಅರ್ಧ ಭಾಗ ಎಲ್ಲೋ ಬಿದ್ದುಹೋಗಿತ್ತು.

ಆಮೇಲೆ ಅವನು ಹೇಳಿದ್ದು ಸರಳವಾಗಿತ್ತು. ದೊಡ್ಡವರ ಎದುರು ಬೇಡ ಅನ್ನುವುದಕ್ಕಿಂತ, ತಲೆಯಾಡಿಸಿ ಹೊರಬಂದು ಸುಮ್ಮನಿರುವುದು ಸುಲಭ. ಮಾರಾಟದವರು, ಲೆಕ್ಕಪತ್ರದವರು, ಎಲ್ಲರೂ ಮಾಡುವುದು ಅದನ್ನೇ. ಪ್ರಾಜೆಕ್ಟ್‌ಗಳು ಕೋಣೆಯೊಳಗೆ ಪಾಸಾಗಿ ಕಾರಿಡಾರಿನಲ್ಲಿ ಪ್ರಾಣ ಬಿಡುತ್ತವೆ.

ಅಂದಿನಿಂದ ಅವಳು ಕಾರಿಡಾರು ಹಿಡಿದಳು. ಒಬ್ಬೊಬ್ಬರ ಬಳಿಯೂ ಕೂತು, ನಿಮಗೇನು ಕಷ್ಟ ಎಂದು ಕೇಳಿದಳು. ಮಾರಾಟದ ಮುಖ್ಯಸ್ಥೆ ಮೊದಲು ಅನುಮಾನದಿಂದ ನೋಡಿ, ಆಮೇಲೆ ಊಟದ ಹೊತ್ತು ದಾಟಿದರೂ ಮಾತು ನಿಲ್ಲಿಸಲಿಲ್ಲ. ಬೇಡ ಎಂದು ಬಾಯಿಬಿಟ್ಟು ಹೇಳಬಹುದೆಂದು ಗೊತ್ತಾದ ಮೇಲೆ, ಜನ ಬೇಕು ಅಂದದ್ದಕ್ಕೂ ಬೆಲೆ ಬಂತು. ಕೆಲವು ಪ್ರಾಜೆಕ್ಟ್‌ಗಳು ನಿಂತವು; ಉಳಿದವು ನಿಜಕ್ಕೂ ನಡೆದವು.

ವರ್ಕ್‌ಶಾಪಿಗೆ ಮಾತ್ರ ಅವಳು ಅಗತ್ಯಕ್ಕಿಂತ ಹೆಚ್ಚು ಸಲ ಇಳಿದಳು. ಲಿಫ್ಟ್ ಕಂಪನಿಯ ಇಬ್ಬರು ಅಧಿಕಾರಿಗಳು ದಿನವೂ ಮೆಟ್ಟಿಲು ಹತ್ತಿ ಹೋಗುವುದೇಕೆ ಎಂದು ಕಾವಲಿನವನು ಕೇಳಿದನಂತೆ. ಮೆಟ್ಟಿಲಾದರೆ ತಡವಾಗುತ್ತದೆ. ಅದಕ್ಕೇ.

ಆ ಮೆಟ್ಟಿಲುಗಳಲ್ಲೇ ಅವನು ತನ್ನ ಪ್ರಾಜೆಕ್ಟಿನ ಬಗ್ಗೆ ಹೇಳಿದ್ದು. ಹಳೆಯ ಕಟ್ಟಡಗಳ ಲಿಫ್ಟ್ ಬಾಗಿಲಿಗೆ ಕೂರಿಸುವ ಸಣ್ಣ ಸೆನ್ಸರ್. ಬೆರಳು ಅಡ್ಡ ಬಂದರೂ ಬಾಗಿಲನ್ನು ತಡೆಯುತ್ತದೆ. ಲಾಭ ಕಡಿಮೆ, ಹೊಳಪು ಇನ್ನೂ ಕಡಿಮೆ. ಹೇಳುವಾಗ ಅವನ ಕೈಗಳೆರಡೂ ಬಾಗಿಲಾಗಿ ಮುಚ್ಚುತ್ತ, ತೆರೆಯುತ್ತ ಇದ್ದವು. ಅವಳು ಸೆನ್ಸರನ್ನು ಮರೆತು ಕೈಗಳನ್ನೇ ನೋಡಿದಳು.

ಕೊನೆಗೆ ಅದಕ್ಕೂ ಮಾರಾಟದವರು ಕೇಳುತ್ತಿದ್ದ ಹೊಸ ಗಾಜಿನ ಲಿಫ್ಟಿಗೂ ಅದೇ ಮೆಕ್ಯಾನಿಕ್‌ಗಳು ಬೇಕಾದರು. ಎರಡರಲ್ಲಿ ಒಂದು ನಿಲ್ಲಬೇಕು. ವಿಭಾಗಗಳು ಸಮಸಮವಾಗಿ ಒಡೆದಿದ್ದವು. ತಕ್ಕಡಿ ವಾಲುವುದು ಅವಳ ಮಾತಿನಿಂದಲೇ.

"ನಾಳೆ ಮೀಟಿಂಗಲ್ಲಿ ನನ್ನ ಮುಖ ನೋಡಿ ಮಾರ್ಕ್ಸ್ ಕೊಡ್ಬೇಡಿ," ಅಂದ ಅವನು.

"ನಿಮ್ಮ ಮುಖಕ್ಕೆ ಅಷ್ಟೊಂದು ಬರಲ್ಲ ಬಿಡಿ."

ನಕ್ಕು ಮನೆಗೆ ಬಂದವಳು ಅಂಕ ಹಾಕಲು ಕೂತಳು. ಹೆಚ್ಚಾಯಿತು, ಪಕ್ಷಪಾತವೆಂದು ಕಳೆದಳು. ಕಳೆದದ್ದು ಅನ್ಯಾಯವೆಂದು ಮತ್ತೆ ಕೂಡಿಸಿದಳು. ತೂಗಬೇಕಾದ ವಸ್ತು ಸರಿಯಾಗಿಯೇ ಇತ್ತು. ತೂಗುವ ಕೈಯೇ ಒಂದು ಕಡೆ ವಾಲುತ್ತಿತ್ತು. ಪ್ರೀತಿ ಎಂಬುದು ಅವಳಿಗೆ ಹೀಗೆ, ಲೆಕ್ಕ ತಪ್ಪಿದ ಮೇಲೆ ಗೊತ್ತಾಯಿತು.

ಸ್ವಂತ ಹಿತಾಸಕ್ತಿ ಇದ್ದವರು ಹೇಳಿ ಹೊರಗೆ ಹೋಗಬೇಕೆಂಬ ನಿಯಮ ಆ ಕಂಪನಿಯಲ್ಲಿತ್ತು. ಯಾರೂ ಬಳಸಿದ್ದಿಲ್ಲ. ಮರುದಿನ ಅವನ ಪ್ರಾಜೆಕ್ಟಿನ ಸರದಿ ಬಂದಾಗ ಅವಳು ಎದ್ದು ನಿಂತಳು.

"ಇದನ್ನ ನಾನು ತೂಗೋ ಹಾಗಿಲ್ಲ ಸರ್. ನನಗೆ ಸ್ವಂತ ಹಿತಾಸಕ್ತಿ ಇದೆ."

"ಷೇರು ಗೀರು ಇಟ್ಟಿದ್ದೀರಾ?" ಡೈರೆಕ್ಟರು ಕನ್ನಡಕ ತೆಗೆದರು.

"ಇಲ್ಲ."

"ಮತ್ತೆ? ಅವರು ನಿಮಗೆ ಸಂಬಂಧಿಕರಾ?"

"ಇನ್ನೂ ಆಗಿಲ್ಲ."

ಮಾರಾಟದ ಮುಖ್ಯಸ್ಥೆ ಬಾಯಿಗೆ ಹಿಡಿದ ಲೋಟವನ್ನು ಹಾಗೇ ಕೆಳಗಿಟ್ಟರು. ಅವನ ಮುಖ ನೋಡುವ ಧೈರ್ಯ ಸಾಲದೆ ಅವಳು ಹೊರನಡೆದಳು.

ಕಾರಿಡಾರಿನಲ್ಲಿ ಒಂದೇ ಕುರ್ಚಿ. ಒಳಗಿನಿಂದ ಏರುದನಿಗಳು ಕೇಳಿಸುತ್ತಿದ್ದವು. ಜನ ನಿಜವಾಗಿಯೇ ವಾದ ಮಾಡುತ್ತಿದ್ದರು. ಬೇರೆ ದಿನವಾಗಿದ್ದರೆ ಸಂತೋಷಪಡುತ್ತಿದ್ದಳು.

ಅವನು ಒಬ್ಬನೇ ಹೊರಗೆ ಬಂದ.

"ನಿಲ್ಲಿಸಿದ್ರು," ಅಂದ. "ಎದುರಿಗೇ ಬೇಡ ಅಂದ್ರು, ಕಾರಣಾನೂ ಹೇಳಿದ್ರು. ಮೋಸ ಏನಿಲ್ಲ." ಆದರೂ ದನಿ ಒಂದು ಕಡೆ ತಗ್ಗಿತು.

"ನಾನು ಒಳಗಿದ್ದಿದ್ರೆ ಉಳೀತಿತ್ತು."

"ಉಳೀತಿತ್ತು. ಆಮೇಲೆ ಊರೆಲ್ಲ ಅನ್ನೋರು, ಹೆಂಡ್ತಿ ಉಳಿಸಿದ್ಳು ಅಂತ."

ಆ ಪದ ಜಾರಿದ ಮೇಲೆ ಅವನಿಗೇ ಕೇಳಿಸಿತು. ಕಿವಿಯವರೆಗೂ ಕೆಂಪಾದ. ಅವಳು ಕಿಟಕಿಯ ಕಡೆ ತಿರುಗಿದಳು; ನಗು ಗಾಜಿನಲ್ಲಿ ಕಂಡೇ ಕಂಡಿತು.

"ಮುಂದಿನ ರಿವ್ಯೂಗೆ ಮತ್ತೆ ತನ್ನಿ," ಅಂದಳು. "ಆಗ್ಲೂ ನಾನು ಹೊರಗೇ."

"ಅದರ ಮುಂದಿನದಕ್ಕೆ?"

"ಹೊರಗೇ."

"ಎಷ್ಟು ವರ್ಷ ಹೀಗೆ?"

ಅವಳು ಕುರ್ಚಿಯಿಂದ ಚೀಲ ಎತ್ತಿಕೊಂಡು ಅವನಿಗೆ ಜಾಗ ಮಾಡಿಕೊಟ್ಟಳು.

"ನೀವು ರಿಟೈರ್ ಆಗೋವರ್ಗೂ."