‘ದಾಳ’ದ ಕೊನೆಯ ಸಂಚಿಕೆ

ಅವನು ಅಂಗಡಿಯೊಳಗೆ ಬಂದಾಗ ಅವಳು ಯಾವುದೋ ಮಗುವಿನ ಕನ್ನಡಕದ ತಿರುಪು ಬಿಗಿ ಮಾಡುತ್ತಿದ್ದಳು. ತಲೆ ಎತ್ತದೆಯೇ, “ಒಂದ್ನಿಮಿಷ, ಕೂತ್ಕೊಳ್ಳಿ” ಅಂದಳು. ಕೂತವನು ಗಂಟಲು ಸರಿಮಾಡಿಕೊಂಡ. ಅಷ್ಟೇ ಸಾಕಾಯಿತು. ತಿರುಪು ಬೆರಳಿನಿಂದ ಜಾರಿ ಮೇಜಿನ ಕೆಳಗೆಲ್ಲೋ ಹೋಯಿತು.

ಇಪ್ಪತ್ತು ವರ್ಷದಲ್ಲಿ ಅವನ ಕೂದಲು ನರೆತಿತ್ತು, ಹೆಗಲು ಒಂಚೂರು ಇಳಿದಿತ್ತು. ಮಾತಾಡುವ ಮೊದಲು ಅಪ್ಪಣೆ ಕೇಳುವಂಥ ಆ ಸಣ್ಣ ಕೆಮ್ಮು ಮಾತ್ರ ಬದಲಾಗಿರಲಿಲ್ಲ.

“ಅಮ್ಮನಿಗೆ ಓದೋಕೆ ಒಂದು ಭೂತಗನ್ನಡಿ ಬೇಕಿತ್ತು” ಅಂದ. ನೀನು ಅನ್ನಬೇಕೋ ನೀವು ಅನ್ನಬೇಕೋ ತಿಳಿಯದೆ ಮಾತನ್ನು ಗೋಡೆಗೆ ಹೇಳಿದ.

ಅವಳು ಕಸುಬಿನ ದನಿಯಲ್ಲೇ ವಿಚಾರಿಸಿದಳು. ಎಷ್ಟು ಸಣ್ಣ ಅಕ್ಷರ, ಪೇಪರಾ, ಪುಸ್ತಕವಾ? ಅವನು ಸ್ಪ್ಯಾನರುಗಳಿದ್ದ ಚೀಲಕ್ಕೆ ಕೈಹಾಕಿ ಪ್ಲಾಸ್ಟಿಕ್ ಕವರಿನಲ್ಲಿದ್ದ ಒಂದು ಪತ್ರಿಕೆ ತೆಗೆದು ಗಾಜಿನ ಕೌಂಟರಿನ ಮೇಲಿಟ್ಟ.

‘ದಾಳ’, ಏಳನೆಯ ಸಂಚಿಕೆ. ಮುಖಪುಟದಲ್ಲಿ ಕಂದೀಲು ಹಿಡಿದು ನೀರಿಗಿಳಿಯುತ್ತಿರುವ ಹುಡುಗಿ. ಕೆಂಪು ಮಾಸಿ ಕಂದಾಗಿತ್ತು. ಒಂದು ಮೂಲೆ ಯಾವಾಗಲೋ ನೆಂದು ಒಣಗಿ ಹಪ್ಪಳದ ಹಾಗೆ ಉಬ್ಬಿತ್ತು. ಒಳಗಿನ ‘ಕೆರೆಯಡಿಯ ಗಂಟೆ’ ಅವಳೇ ಬರೆದದ್ದು. ಆ ಕೆರೆಯ ನಕ್ಷೆಯೂ ಅವಳದೇ ಕೈ.

ಅವನು ಬಂದಿರುವುದು ಹಳೆಯ ಜಗಳ ಕೆದಕುವುದಕ್ಕೆ ಎಂದೇ ಅವಳು ತಿಳಿದಳು.

“ಇನ್ನೇನು ಉಳಿದಿದೆ?” ಅಂದಳು. “ನಿಮ್ಮ ಮಾವ ಅವತ್ತೇ ಎಲ್ಲಾ ಹೇಳಿ ಮುಗಿಸಿದ್ರಲ್ಲ.”

ಆಗ ಅವಳಿಗೆ ಇಪ್ಪತ್ತೆರಡು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಕೋಣೆಯಲ್ಲಿ ಐದಾರು ಗೆಳೆಯರು ಪ್ರತಿ ಭಾನುವಾರ ಮೇಜಿನ ಸುತ್ತ ಸೇರುತ್ತಿದ್ದರು. ಒಬ್ಬರು ಕಥೆ ನಡೆಸಬೇಕು, ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗಬೇಕು. ಎದುರಿಗೆ ಬಾಗಿಲು ಬಂದರೆ ಒಡೆಯುವುದೋ, ಬೀಗ ತೆಗೆಯುವುದೋ, ಓಡಿಹೋಗುವುದೋ ಅವರವರ ಇಷ್ಟ. ಆಗುತ್ತದೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಕಥೆ ನಡೆಸುವವಳು ಅವಳು. ಅಂಥ ಆಟಗಳಿಗಾಗಿಯೇ ಇದ್ದ ಪುಟ್ಟ ಪತ್ರಿಕೆ ‘ದಾಳ’.

ಆ ಗುಂಪಿನಲ್ಲಿ ಎಲ್ಲರಿಗಿಂತ ಚಿಕ್ಕವಳು ಚೂಟಿ, ಇವನ ತಂಗಿ. ಹತ್ತೊಂಬತ್ತು ವರ್ಷ, ಬಾಯಿ ಮುಚ್ಚಿದ್ದು ಯಾರೂ ಕಂಡವರಿಲ್ಲ. ತಂಗಿಯನ್ನು ಬಿಡಲು ಬರುತ್ತಿದ್ದ ಇವನು ಬಾಗಿಲಲ್ಲೇ ನಿಂತುಬಿಡುತ್ತಿದ್ದ. ಆಗಷ್ಟೇ ಲಿಫ್ಟ್ ರಿಪೇರಿ ಕೆಲಸಕ್ಕೆ ಸೇರಿದ್ದ ಹುಡುಗ. ಆಡು ಬಾ ಅಂದರೆ ಬರುತ್ತಿರಲಿಲ್ಲ. ಚೆನ್ನಾಗಿಯೇ ಓಡುತ್ತಿದ್ದ ಟೇಬಲ್ ಫ್ಯಾನನ್ನು ಬಿಚ್ಚಿಕೊಂಡು ಕೂರುತ್ತಿದ್ದ. ಅವಳ ದಾಳ ಅದೇನೋ ಪದೇ ಪದೇ ಮೇಜಿನಿಂದ ಉರುಳಿ ಬಾಗಿಲ ಕಡೆಗೇ ಹೋಗುತ್ತಿತ್ತು. ಅವನು ಅದನ್ನು ಎತ್ತಿ, ಅಂಗೈ ಮೇಲಿಟ್ಟು ಚಾಚುತ್ತಿದ್ದ. ಅವಳು ಅದನ್ನು ಆದಷ್ಟು ನಿಧಾನವಾಗಿ ತೆಗೆದುಕೊಳ್ಳುತ್ತಿದ್ದಳು. “ಈ ಮನೆ ನೆಲ ವಾಲಿದೆ ಅಂತ ಕಾಣುತ್ತೆ” ಎಂದು ಚೂಟಿ ಕಣ್ಣು ಮಿಟುಕಿಸುತ್ತಿದ್ದಳು.

ಏಳನೆಯ ಸಂಚಿಕೆ ಬಂದ ತಿಂಗಳಲ್ಲೇ ಚೂಟಿ ಊರಾಚೆಯ ಕಲ್ಲುಗಣಿಯ ನೀರಿನಲ್ಲಿ ಸಿಕ್ಕಳು. ದಡದಲ್ಲಿ ಅವಳ ಬ್ಯಾಗು. ಬ್ಯಾಗಿನಲ್ಲಿ ಪತ್ರಿಕೆ. ಆಟವೇ ಹುಡುಗಿಯನ್ನು ನೀರಿಗಿಳಿಸಿತು ಎಂದು ಪೇಪರುಗಳು ಬರೆದವು. ಚೂಟಿಯ ಸೋದರಮಾವ ಇವಳ ಮನೆ ಬಾಗಿಲಿಗೆ ಬಂದು ಬೀದಿಯೆಲ್ಲ ಕೇಳುವ ಹಾಗೆ ಕೊಲೆಗಾರ್ತಿ ಅಂದ. ಅವನ ಹಿಂದೆ ಇವನು ನಿಂತಿದ್ದ, ನೆಲ ನೋಡುತ್ತಾ. ಒಂದು ಮಾತೂ ಆಡಲಿಲ್ಲ. ಪತ್ರಿಕೆ ಮುಚ್ಚಿತು, ಕೋಣೆಗೆ ಬೀಗ ಬಿತ್ತು. ಅವಳು ಮತ್ತೆಂದೂ ಕಥೆ ಬರೆಯಲಿಲ್ಲ. ಗಾಜು ಉಜ್ಜುವುದನ್ನು ಕಲಿತಳು.

“ಜಗಳಕ್ಕೆ ಬಂದಿಲ್ಲ” ಅಂದ ಅವನು. ಅಮ್ಮನಿಗೆ ಹುಷಾರಿಲ್ಲ, ಡಾಕ್ಟರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕೈಬಿಟ್ಟಿದ್ದಾರೆ, ಟ್ರಂಕಿನ ತಳದಿಂದ ಇದನ್ನು ತೆಗೆಸಿಕೊಂಡು ದಿನವಿಡೀ ಕಣ್ಣಿಗೆ ಹಿಡಿದುಕೊಂಡು ಕೂತಿರುತ್ತಾರೆ, ಓದಿದರೂ ಅರ್ಥವಾಗುತ್ತಿಲ್ಲ ಎಂದು ಒಂದೊಂದೇ ಹೇಳಿದ. ಆಮೇಲೆ ಮೊದಲ ಸಲ ಅವಳ ಮುಖ ನೋಡಿದ.

“ಚೂಟಿ ಇದರಲ್ಲಿ ಯಾರಾಗಿದ್ದಳು ಅಂತ ಅಮ್ಮ ಕೇಳ್ತಾರೆ. ನಾನು ಬಾಗಿಲಲ್ಲಿ ನಿಂತಿದ್ದೆ, ಆದ್ರೆ ಆಟ ನೋಡ್ತಿರಲಿಲ್ಲ.”

ಏನು ನೋಡುತ್ತಿದ್ದೆ ಎಂದು ಅವಳು ಕೇಳಲಿಲ್ಲ.

ಭೂತಗನ್ನಡಿಯ ಬೆಲೆಚೀಟಿಯನ್ನು ಅವನು ಕೈ ಉದ್ದ ಮಾಡಿ ದೂರ ಹಿಡಿದು ಓದಲು ಒದ್ದಾಡುವುದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ. “ಮೊದಲು ನಿನ್ನ ಕಣ್ಣು ತೋರಿಸು” ಎಂದು ಎತ್ತರದ ಕುರ್ಚಿಯಲ್ಲಿ ಕೂರಿಸಿದಳು. ಪರೀಕ್ಷೆಯ ಭಾರದ ಕನ್ನಡಕ ಅವನ ಮೂಗಿನ ಮೇಲಿಟ್ಟು, ಒಂದೊಂದೇ ಗಾಜು ಬದಲಿಸಿದಳು. ಇಷ್ಟು ಹತ್ತಿರ ಅವರು ಆ ಕಾಲದಲ್ಲೂ ಬಂದಿರಲಿಲ್ಲ. ಅವನ ರೆಪ್ಪೆಯಲ್ಲಿ ಒಂದು ಬಿಳಿ ಕೂದಲಿತ್ತು. ಅವನ ಉಸಿರಲ್ಲಿ ಗ್ರೀಸಿನ ವಾಸನೆ, ಚಹಾದ ವಾಸನೆ. ಈಗ ಹೇಗೆ ಕಾಣುತ್ತೆ ಅಂತ ಕೇಳಿದಾಗ ಅವನು ಎದುರಿನ ಅಕ್ಷರದ ಹಲಗೆಯ ಕಡೆ ತಿರುಗಲೇ ಇಲ್ಲ.

“ಸ್ಪಷ್ಟವಾಗಿ” ಅಂದ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅಮ್ಮನಿಗೆ ಒಂದ್ಸಲ ಈ ಆಟ ಆಡಿಸ್ತೀಯಾ ಎಂದು ಅವನು ಕೇಳಿದಾಗ, ಗುರುವಾರ ಮಧ್ಯಾಹ್ನ ಮನೆಗೆ ಬರುವುದಾಗಿ ಒಪ್ಪಿದಳು.

ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ತಾಗಿಸಿ ಮಂಚ ಹಾಕಿದ್ದರು. ಅವನ ಅಮ್ಮ ದಿಂಬುಗಳ ನಡುವೆ ಹಿಡಿಯಷ್ಟಾಗಿದ್ದರು. ಹೇಗಿದ್ದೀಯ ಅಂತಲೂ ಕೇಳಲಿಲ್ಲ. “ಕೂತ್ಕೋ, ಆಡಿಸು” ಅಂದರು, ಇಂಜೆಕ್ಷನ್ ಕೊಡಲು ಬಂದವಳಿಗೆ ತೋಳು ಚಾಚುವವರ ಹಾಗೆ.

ಅವಳು ಆಡಿಸಿದಳು. ಕೆರೆಯಡಿಯಲ್ಲಿ ಮುಳುಗಿರುವ ಒಂದು ಗಂಟೆ, ಅದನ್ನು ಮೇಲೆ ತಂದರೆ ಊರಿನ ಕಾಯಿಲೆ ಬಿಡುತ್ತದೆ ಎಂಬ ನಂಬಿಕೆ, ಅದನ್ನು ತರಲು ಹೊರಟ ನಾಲ್ಕು ಜನ. ಅವರಲ್ಲಿ ಅಂಬಿಗನಾಗಿದ್ದವಳು ಚೂಟಿ ಎಂದು ಹೇಳಿದಳು. ನಾನೇ ಅಂಬಿಗ ಆಗ್ತೀನಿ ಎಂದರು ಅಮ್ಮ. ಮಗನಿಗೂ ಕೂರಲು ಹೇಳಿದರು. ಅವನು ಜೀವನದಲ್ಲಿ ಮೊದಲ ಸಲ ದಾಳ ಉರುಳಿಸಿದ. ಅಮ್ಮ ಕಾಡಿನ ದಾರಿಯಲ್ಲಿ ಕಳ್ಳರೊಡನೆ ಚೌಕಾಸಿ ಮಾಡಿದರು, ಸೇತುವೆಯ ಕಾವಲುಗಾರನಿಗೆ ಹಸಿಸುಳ್ಳು ಹೇಳಿ ದಾಟಿದರು. ಅವರಿಗೆ ಇಷ್ಟು ಮಾತು ಬರುತ್ತದೆ ಎಂದು ಮಗನಿಗೂ ಗೊತ್ತಿರಲಿಲ್ಲ. ಕೊನೆಗೆ ಕೆರೆಯ ದಡ ಬಂತು.

ಅಮ್ಮ ಕಣ್ಣು ಮುಚ್ಚಿಕೊಂಡರು. “ಇಳೀತೀನಿ” ಅಂದರು.

ಅವಳಿಗೆ ಸುಮ್ಮನಿರಲು ಆಗಲಿಲ್ಲ. “ಚೂಟಿ ಇಳೀತಿರಲಿಲ್ಲಮ್ಮ.”

“ಅಂದ್ರೆ?”

ಅವಳು ಹೇಳಿದಳು. ಚೂಟಿಯ ಅಂಬಿಗ ಲೋಕದಲ್ಲೇ ಪುಕ್ಕಲು. ನೀರೆಂದರೆ ಅವನಿಗೆ ಜ್ವರ. ಇದು ಪತ್ರಿಕೆಯಲ್ಲಿರಲಿಲ್ಲ, ಚೂಟಿ ತಾನಾಗಿ ಸೇರಿಸಿಕೊಂಡದ್ದು. ಎಲ್ಲರನ್ನೂ ಹುರಿದುಂಬಿಸಿ ನೀರಿಗಿಳಿಸಿ, ತಾನು ದಡದಲ್ಲಿ ಹಗ್ಗ ಹಿಡಿದು ಕೂತು, ಅಲ್ಲಿಂದಲೇ ಉಪದೇಶ ಮಾಡುತ್ತಿದ್ದಳು. ಎರಡು ಸಲ ಆಡಿದರೂ ಅಂಬಿಗನ ಕಾಲು ಒದ್ದೆಯಾಗಲಿಲ್ಲ. ಗಂಟೆ ಮೇಲೆ ಬಂದಾಗ ಮಾತ್ರ ಬಹುಮಾನ ತೆಗೆದುಕೊಳ್ಳಲು ಎಲ್ಲರಿಗಿಂತ ಮುಂದೆ. ಮೇಜಿನ ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಅಮ್ಮನೂ ನಕ್ಕರು. ನಗು ಕೆಮ್ಮಾಗಿ, ಮಗ ಬೆನ್ನು ನೀವಿ, ನೀರು ಕುಡಿಸಬೇಕಾಯಿತು. ಕೆಮ್ಮು ನಿಂತ ಮೇಲೆ ಅವರು ಪತ್ರಿಕೆಯ ಮುಖಪುಟವನ್ನು ಬೆರಳಿನಿಂದ ಸವರಿದರು.

“ಹಾಗಾದ್ರೆ ಅಲ್ಲಿಗೆ ಯಾಕೆ ಹೋದ್ಲು?”

ಇಷ್ಟು ವರ್ಷ ಆ ಪ್ರಶ್ನೆಗೆ ಆಟ ಎಂಬ ಸುಲಭದ ಉತ್ತರವಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ಈಗ ಉತ್ತರ ಹೋಯಿತು, ಪ್ರಶ್ನೆ ಕೋಣೆಯಲ್ಲೇ ಕೂತುಬಿಟ್ಟಿತು. ಕಾಲು ಜಾರಿತೋ, ಯಾರಾದರೂ ಜೊತೆಗಿದ್ದರೋ, ಆ ನಗುವ ಹುಡುಗಿಯ ಮನಸ್ಸಿನಲ್ಲಿ ಯಾರಿಗೂ ಹೇಳದ ಏನಾದರೂ ಇತ್ತೋ. ಹೇಳಬಲ್ಲವಳು ಒಬ್ಬಳೇ, ಅವಳಿಲ್ಲ.

“ನಿನ್ನ ಮೇಲೆ ಹೊರಿಸಿದ್ದೆ” ಅಂದರು ಅಮ್ಮ, ಅವಳ ಕಡೆ ನೋಡದೆ. “ಹೊರಿಸಿದ್ರೆ ನಿದ್ದೆ ಬರ್ತಿತ್ತು.”

ಕ್ಷಮಿಸು ಅನ್ನಲಿಲ್ಲ. ಮುಂದಿನ ಗುರುವಾರವೂ ಬಾ ಅಂದರು.

ಅವಳನ್ನು ಕಳಿಸಲು ಅವನು ಮೆಟ್ಟಿಲಿಳಿದು ಬಂದ. ಬೀದಿಯಲ್ಲಿ ಬಿಸಿಲಿತ್ತು, ಎದುರಿನ ಲಾಂಡ್ರಿಯಿಂದ ಇಸ್ತ್ರಿಯ ಹಬೆ ಬರುತ್ತಿತ್ತು. ನಿನ್ನ ಅಂಗಡಿಯ ಬೀದಿ ತಪ್ಪಿಸಲು ಇಷ್ಟು ವರ್ಷ ಸುತ್ತು ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದೆ ಎಂದ. ಅವಳು ಗೊತ್ತು ಅಂದಳು. ಮದುವೆಯಾಗಲಿಲ್ಲವೇ ಎಂದು ಕೇಳಿದಳು. ಇಲ್ಲ ಅಂದ. ನೀನು? ಎಂದು ಕೇಳಿದ. ಒಂದು ಸಲ ಮಾತುಕತೆವರೆಗೆ ಬಂದಿತ್ತು, ಹಳೆಯ ಪೇಪರನ್ನು ಯಾರೋ ಹುಡುಗನ ಮನೆಯವರಿಗೆ ತೋರಿಸಿದರು ಎಂದಳು.

“ಅವತ್ತು ನಾನು ಮಾತಾಡಬೇಕಿತ್ತು” ಅಂದ.

“ಹೌದು, ಬೇಕಿತ್ತು.”

“ನಾನೂ ನಂಬಿದ್ದೆ. ಸ್ವಲ್ಪ ದಿನ. ಆಮೇಲೆ ನಂಬಿಕೆ ಹೋಯ್ತು, ಆದ್ರೆ ನಿನ್ನೆದುರು ಬರೋಕೆ ಮುಖ ಇರಲಿಲ್ಲ.”

ಅವಳು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳುವ ನೆಪದಲ್ಲಿ ಬಗ್ಗಿದಳು. “ನಾನೂ ನಂಬಿದ್ದೆ” ಅಂದಳು. “ಬೇರೆಯವರಿಗಿಂತ ಜಾಸ್ತಿ ದಿನ.”

ಅವನು ಕೈ ಚಾಚಿದ. ಅವಳು ಆ ಕೈ ಹಿಡಿಯಲಿಲ್ಲ. ಆದರೆ ಲಾಂಡ್ರಿಯವನು ಕುತೂಹಲದಿಂದ ನೋಡುತ್ತಿದ್ದರೂ, ಹೊರಡಲೂ ಇಲ್ಲ.

ಗುರುವಾರಗಳು ನಡೆದವು. ಅಮ್ಮನಿಗೆ ಒಮ್ಮೊಮ್ಮೆ ಅರ್ಧ ತಾಸು, ಒಮ್ಮೊಮ್ಮೆ ನಾಲ್ಕು ಮಾತಿನಷ್ಟು ಶಕ್ತಿ. ಹಳೆಯ ಕಥೆ ಮುಗಿದಾಗ ಅವಳು ಹೊಸದು ಕಟ್ಟಬೇಕಾಯಿತು. ಕೈ ಜಡ್ಡುಗಟ್ಟಿತ್ತು. ಬಸ್ಸಿನಲ್ಲಿ, ಗಾಜು ಉಜ್ಜುವಾಗ, ಕಾಡು ಬೆಟ್ಟಗಳು ಅಳುಕುತ್ತಾ ವಾಪಸು ಬಂದವು. ಅವನು ಮೇಜಿಗೆ ಕೂರುತ್ತಿದ್ದ, ಹೊಸ ಕನ್ನಡಕ ಹಾಕಿಕೊಂಡು, ಯಾವಾಗಲೂ ತಪ್ಪು ಬಾಗಿಲು ತೆರೆಯುತ್ತಿದ್ದ. ನಿನಗೆ ಲಿಫ್ಟಿನ ಬಾಗಿಲು ಬಿಟ್ಟು ಬೇರೆ ಬಾಗಿಲು ತಿಳಿಯಲ್ಲ ಎಂದು ಅವಳು ರೇಗಿಸಿದರೆ, ಅವನ ಕಿವಿ ಕೆಂಪಾಗುತ್ತಿತ್ತು. ಅಮ್ಮ ಇಬ್ಬರನ್ನೂ ಒಂದೇ ನೋಟದಲ್ಲಿ ನೋಡಿ, ದಿಂಬಿಗೆ ಒರಗಿಕೊಳ್ಳುತ್ತಿದ್ದರು.

ಕೊನೆಯ ವಾರ ಅವರಿಗೆ ಅರಿವು ತಪ್ಪುತ್ತಾ ಬಂತು. ಅವಳ ಮಣಿಕಟ್ಟು ಹಿಡಿದು, “ಚೂಟಿ, ಕೂದಲು ಒದ್ದೆ ಇದೆ ನೋಡು, ಒರೆಸ್ಕೋ” ಅಂದರು. ಅವಳು ಬಾಗಿಲಲ್ಲಿದ್ದ ಅವನನ್ನು ನೋಡಿದಳು. ಅವನು ಹೂಂ ಅನ್ನಲೂ ಇಲ್ಲ, ತಡೆಯಲೂ ಇಲ್ಲ. ಅವಳು ಒಣಗಿದ ತನ್ನ ಕೂದಲನ್ನು ಸೆರಗಿನಿಂದ ಒರೆಸಿಕೊಂಡು, “ಒರೆಸ್ಕೊಂಡೆ ಅಮ್ಮ” ಅಂದಳು. ಅವನು ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ನಿಂತ. ನೀರಿನ ಸದ್ದಿನ ಕೆಳಗೆ ಅವನು ಅಳುವುದು ಕೇಳಿಸುತ್ತಿತ್ತು. ಅವಳು ಹೋಗಿ ನಲ್ಲಿ ನಿಲ್ಲಿಸಿ, ಹಿಂದಿನಿಂದ ಅವನ ಬೆನ್ನಿಗೆ ಹಣೆ ಒತ್ತಿದಳು.

ಅಮ್ಮ ಒಂದು ಬೆಳಿಗ್ಗೆ ಹೋದರು. ನೆಂಟರು ಬಂದರು, ಅವಳ ಕಡೆ ಕಣ್ಣು ಹಾಯಿಸಿ ಪಿಸುಗುಟ್ಟಿದರು, ಹೊರಟುಹೋದರು. ಕಿಟಕಿಯ ಬಳಿ ಮಂಚದ ಕಾಲುಗಳ ಗುರುತು ಮಾತ್ರ ನೆಲದಲ್ಲಿ ಉಳಿಯಿತು.

ಎಲ್ಲ ಮುಗಿದು ಕೆಲವು ದಿನಗಳ ಮೇಲೆ ಅವನು ಅಂಗಡಿ ಮುಚ್ಚುವ ಹೊತ್ತಿಗೆ ಬಂದ. ಷಟರ್ ಎಳೆಯಲು ಕೈಜೋಡಿಸಿದ. ಗಂಟಲು ಸರಿಮಾಡಿಕೊಳ್ಳದೆ ನೇರವಾಗಿ ಹೇಳಿದ: “ನನ್ನ ಜೊತೆ ಇರ್ತೀಯಾ? ಆ ಮನೇಲಿ ಬೇಡ ಅಂದ್ರೆ ಬೇರೆ ಮನೆ ನೋಡ್ತೀನಿ.”

ಅವಳು ಬೀಗ ಹಾಕಿ, ಎರಡು ಸಲ ಎಳೆದು ನೋಡಿದಳು.

“ನನಗಿನ್ನೂ ನಿನ್ನ ಮೇಲೆ ಸಿಟ್ಟಿದೆ” ಅಂದಳು. “ಹೋಗುತ್ತೆ ಅಂತ ಕಾಯ್ತಿದ್ದೆ. ಹೋಗಲ್ಲ ಅನ್ಸುತ್ತೆ. ಬಂದ್ರೆ ಅದನ್ನೂ ಕರ್ಕೊಂಡೇ ಬರಬೇಕು.”

ಅವನು ಸ್ವಲ್ಪ ಹೊತ್ತು ಯೋಚಿಸಿದ. ಸುಮ್ಮನೆ ಒಪ್ಪಿಬಿಡದೆ ಯೋಚಿಸಿದ್ದು ಅವಳಿಗೆ ಹಿಡಿಸಿತು.

“ಬರ್ಲಿ” ಅಂದ.

ಅವಳು ಬೀಗದ ಕೈಯನ್ನು ಬ್ಯಾಗಿಗೆ ಹಾಕಿಕೊಂಡು, ಖಾಲಿಯಾದ ಆ ಕೈಯನ್ನು ಅವನ ಕೈಯೊಳಗಿಟ್ಟಳು.