ಯಾವ ಮಳೆ ಆದಮೇಲೆ?

"ಜಂಬು ಸೊಪ್ಪು ಜಾಸ್ತಿ ಹಾಕು. ನಾಲಿಗೆ ಮರಗಟ್ಟಲಿ. ಇಲ್ಲಾಂದ್ರೆ ಏನಾದ್ರೂ ಅಂದುಬಿಡ್ತೀನಿ!"

ಆ ದನಿ ಕೇಳಿ ಜಾಂದಿರಾಳ ಕೈಯಲ್ಲಿದ್ದ ಸೌಟು ನಿಂತೇಬಿಟ್ಟಿತು. ಟಾರ್ಪಾಲಿನಡಿ ತಲೆ ಒರೆಸಿಕೊಳ್ಳುತ್ತ ನಿಂತಿದ್ದವನು ವಾಲ್ದೆಸಿ! ಹೋದ ಮಳೆಗಾಲದಲ್ಲಿ ಅವಳನ್ನು ಹಡಗು ಹತ್ತುವ ಧಕ್ಕೆಯಲ್ಲಿ ಕಾಯಿಸಿ, ಮುಖವನ್ನೂ ತೋರಿಸದೆ ಊರು ಬಿಟ್ಟಿದ್ದ ಹಡಗಿನ ಮೆಕ್ಯಾನಿಕ್.

ಬೆಲೆಂ ಊರಿನ ಮಳೆಗಾಲದ ಸಂಜೆಗೆ ಟಕಕಾ ಬೇಕೇ ಬೇಕು. ಸೀಗಡಿ ಹಾಕಿದ ಆ ಬಿಸಿ ಸಾರನ್ನು ಸೋರೆಬುರುಡೆಯ ಬಟ್ಟಲಿನಲ್ಲಿ ಕುಡಿಯಲು ಮಾವಿನ ಮರದ ಕೆಳಗಿನ ಅವಳ ಸೋದರತ್ತೆಯ ಅಂಗಡಿಗೆ ಯಾರು ಬೇಕಾದರೂ ಬರಬಹುದು. ಆದರೆ ಇವನು... ಇವನಿಗೆಷ್ಟು ಧೈರ್ಯ!

"ಮಳೆ ಆದಮೇಲೆ ಧಕ್ಕೆಗೆ ಬಾ, ಒಂದು ಮಾತು ಹೇಳ್ಬೇಕು ಅಂದೋನು ಯಾರು?" ಬಟ್ಟಲನ್ನು ಕುಕ್ಕಿದಳು.

"ನಾನೇ. ಬಂದಿದ್ದೆ. ಬರದೇ ಇದ್ದೋಳು ನೀನು!"

"ಸುಳ್ಳು!"

"ಕತ್ತಲಾಗೋವರೆಗೂ ಕಾದೆ ಜಾಂದಿರಾ..." ಅವನು ಬಟ್ಟಲು ಕೈಗೆತ್ತಿಕೊಂಡ. "ಹೋಗ್ಲಿ ಬಿಡು. ಮಕಾಪಾದಲ್ಲಿ ಕೆಲಸ ಸಿಕ್ಕಿದೆ. ಇವತ್ತಿನ ಹಡಗಿಗೆ ಹೊರಟೆ. ಇನ್ನು ಈ ಕಡೆ ಬರಲ್ಲ. ಕೊನೇ ಸಲ ನಿನ್ನ ಕೈ ಸಾರು ಕುಡಿಯೋಣ ಅನ್ನಿಸ್ತು."

ಬಿಸಿ ಆರುವ ಮುಂಚೆಯೇ ಕುಡಿದು, ಮಳೆಯಲ್ಲೇ ಹೊರಟುಹೋದ.

ಕತ್ತಲಾಗೋವರೆಗೂ? ತಾನು ಅಳುತ್ತ ಮನೆಗೆ ಬಂದಾಗ ಇನ್ನೂ ಬೆಳಕಿತ್ತಲ್ಲ!

"ಅತ್ತೆ... ಅವತ್ತು ನಾನು ಯಾವಾಗ ವಾಪಸ್ ಬಂದೆ?"

"ಎರಡನೇ ಮಳೆ ಶುರುವಾದಾಗ. ನಮ್ಮ ಟಾರ್ಪಾಲು ಹಾರಿಹೋಗಿದ್ದು ಅವತ್ತೇ ಅಲ್ವೇನೇ?"

ಎರಡನೇ ಮಳೆ! ಈ ಊರಿನವರು ಯಾರನ್ನು ಕರೆದರೂ ಗಂಟೆ ಹೇಳುವುದಿಲ್ಲ. ಮಳೆಗೆ ಮುಂಚೆ, ಇಲ್ಲವೇ ಮಳೆ ಆದಮೇಲೆ. ಮಧ್ಯಾಹ್ನದ ಮಳೆ ಒಂದೇ ಎಂಬ ನಂಬಿಕೆ ಎಲ್ಲರಿಗೂ. ಆ ದಿನ ಮಾತ್ರ ಹಾಳು ಮಳೆ ಎರಡು ಸಲ ಬಂದಿತ್ತು.

ಜಾಂದಿರಾ ಏಪ್ರನ್ ಕಿತ್ತೆಸೆದಳು.

"ಮಳೆ ನಿಲ್ಲಲಿ ತಡಿಯೇ, ಪೆದ್ದಿ!"

"ಮಳೆ ನಿಲ್ಲಲಿ ಅಂತ ಕಾದೇ ಒಂದು ವರ್ಷ ಹಾಳಾಯ್ತು ಅತ್ತೆ!"

ಓಡಿದಳು. ಮೊಣಕಾಲುದ್ದ ನೀರು, ತೇಲುವ ಮಾವಿನಹಣ್ಣು, ಬೈಯುವ ಬಸ್ಸಿನವರು... ಯಾವುದಕ್ಕೂ ನಿಲ್ಲಲಿಲ್ಲ. ಇವತ್ತು ಅವನು ಹೋದರೆ ಹೋದ ಹಾಗೇ. ಅದೊಂದು ಆಗಬಾರದು!

ಧಕ್ಕೆಯ ಅಂಚಿನಲ್ಲಿ ನಿಂತು ನೋಡಿದಳು. ಹಡಗಿನಲ್ಲಿ ಜನ ಮಲಗಲು ಜೋಲಿ ಕಟ್ಟಿಕೊಳ್ಳುತ್ತಿದ್ದರು. ಸಾಲಿನ ತುದಿಯಲ್ಲಿ ಅವನು ತನ್ನ ಜೋಲಿಗೆ ಗಂಟು ಹಾಕುತ್ತಿದ್ದ.

"ವಾಲ್ದೆಸೀ! ಅವತ್ತು ನೀನು ಬಂದಿದ್ದು ಯಾವ ಮಳೆ ಆದಮೇಲೆ?"

ಅವನು ಕಕ್ಕಾಬಿಕ್ಕಿಯಾದ. "ಎರ... ಎರಡನೇದು."

"ನಾನು ಮೊದಲನೇದು ಕಣೋ, ದಡ್ಡ!"

ಅವನ ಕೈಯಿಂದ ಹಗ್ಗ ಜಾರಿತು. "ಅವತ್ತು ಹೇಳ್ಬೇಕು ಅಂದಿದ್ದು..." ತುಟಿ ಒರೆಸಿಕೊಂಡ. "ನಿನ್ನ ಸೊಪ್ಪು... ನಾಲಿಗೆ ಇನ್ನೂ ಜುಮ್ ಅಂತಿದೆ."

"ಹಾಗಾದ್ರೆ ನಾನೇ ಹೇಳ್ತೀನಿ." ಅವಳ ಕಣ್ಣು ಅವನಿಂದ ಕದಲಲಿಲ್ಲ. "ನೀನಂದ್ರೆ ನಂಗೆ ಪ್ರಾಣ. ಹೋಗ್ಬೇಡ!"

ಹಡಗು ಕೂಗಿತು. ವಾಲ್ದೆಸಿ ಜೋಲಿ ಬಿಚ್ಚಿ ಹೆಗಲಿಗೆ ಹಾಕಿಕೊಂಡು ದಡಕ್ಕೆ ಹಾರಿದ. ಇಬ್ಬರೂ ಅಪ್ಪಿಕೊಂಡು ನೆನೆಯುತ್ತ ಎಷ್ಟೋ ಹೊತ್ತು ನಿಂತರು.

"ಮದುವೆ ಆಗ್ತೀಯಾ?" ಕಿವಿಯಲ್ಲಿ ಕೇಳಿದ.

"ಹ್ಞೂಂ."

"ಯಾವಾಗ? ಮಳೆ ಆದಮೇಲಾ?"

ಅವಳು ಅವನ ಕಿವಿ ಹಿಂಡಿದಳು. "ಗಡಿಯಾರ ನೋಡಿ ಹೇಳೋ!"